ಕೆರೆ ಪಕ್ಕದ ಮೂರು ದಿನ: ಮ್ಯಾಡಿಸನ್‌ಗೆ ಹೊರಡುವ ಮುನ್ನ

ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ ಅಂತ ಹೋದ ವರ್ಷ ಕೇಳಿದಾಗ ನಮ್ಮ ಮನೆಯಲ್ಲಿ ಮೂರು ಉತ್ತರ ಬಂದವು. ಏಳು ವರ್ಷದ ಮಗಳಿಗೆ ನೀರು ಬೇಕು. ಗಂಡನಿಗೆ ಸೈಕಲ್ ತುಳಿಯುವ ಜಾಗ ಬೇಕು. ಊರಿಂದ ಬಂದಿದ್ದ ಅಮ್ಮನಿಗೆ ನೀರೊಂದು ಬಿಟ್ಟು ಯಾವುದಾದರೂ ಆದೀತು. ಮೂವರನ್ನೂ ಒಂದೇ ಕಾರಿನಲ್ಲಿ ಕೂರಿಸಿಕೊಂಡು ನಾನು ಹೊರಟಿದ್ದು ಮೂರು ಕೆರೆಗಳ ನಡುವೆ ಇರುವ ಊರಿಗೆ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ. ಪಿಎಚ್‌ಡಿ ಮಾಡುತ್ತಾ ಐದೂವರೆ ವರ್ಷ ಅಲ್ಲೇ ಇದ್ದವಳು ನಾನು. ಊರು ಚೆನ್ನಾಗಿ ಗೊತ್ತು ಅನ್ನುವ ಧೈರ್ಯವಿತ್ತು. ಆ ಧೈರ್ಯ ಎಷ್ಟು ಪೊಳ್ಳು ಅನ್ನುವುದು ಎರಡನೇ ದಿನ ಗೊತ್ತಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಊರಿನ ಪರಿಚಯ. ಮ್ಯಾಡಿಸನ್‌ನ ನಕ್ಷೆ ತೆಗೆದು ನೋಡಿ. ಮೇಲೆ ಮೆಂಡೋಟ, ಕೆಳಗೆ ಮೊನೋನ, ನಡುವೆ ಒಂದು ಕಿರಿದಾದ ನೆಲದ ಪಟ್ಟಿ. ರಾಜ್ಯದ ಶಾಸನ ಭವನ, ಅಂಗಡಿ ಬೀದಿ, ಮನೆಗಳು ಎಲ್ಲ ಆ ಪಟ್ಟಿಯ ಮೇಲೆ. ಶಾಸನ ಭವನದಿಂದ ಯಾವ ಕಡೆ ಇಳಿದರೂ ಹತ್ತು-ಹದಿನೈದು ನಿಮಿಷದಲ್ಲಿ ನೀರು. ಮೆಂಡೋಟ ದೊಡ್ಡದು, ಸುಮಾರು 40 ಚದರ ಕಿಲೋಮೀಟರ್, ಅತಿ ಆಳದಲ್ಲಿ 25 ಮೀಟರ್. ಮೊನೋನ ಅದರ ಮೂರನೇ ಒಂದರಷ್ಟು. ಪಶ್ಚಿಮಕ್ಕೆ ವಿಂಗ್ರ ಎಂಬ ಪುಟ್ಟ ಕೆರೆ; ಅಲ್ಲಿ ವೇಗದ ಮೋಟಾರು ದೋಣಿಗಳಿಗೆ ಅವಕಾಶವಿಲ್ಲ. ಚಿಕ್ಕ ಮಕ್ಕಳಿರುವ ನಮ್ಮಂಥವರಿಗೆ ಆ ಮೂರನೆಯದೇ ಮುಖ್ಯ. ಆದರೆ ಮೊದಲ ಸಲ ಹೋದವರೆಲ್ಲ ಮೆಂಡೋಟ ನೋಡಿ ಮರುಳಾಗಿ ಇದನ್ನು ಮರೆತೇಬಿಡುತ್ತಾರೆ.

ಆ ನೆಲದ ಮೂಲ ಜನ ಹೋ-ಚಂಕ್. ಅವರ ಮಾತಿನಲ್ಲಿ ಈ ಜಾಗದ ಹೆಸರು ದೇಜೋಪ್, ಅಂದರೆ ನಾಲ್ಕು ಕೆರೆ. ಮೆಂಡೋಟದ ತಳದಿಂದ 2021ರಲ್ಲಿ ಸುಮಾರು 1,200 ವರ್ಷ ಹಳೆಯ, 2022ರಲ್ಲಿ ಸುಮಾರು 3,000 ವರ್ಷ ಹಳೆಯ ದೋಣಿ ಸಿಕ್ಕಿತು. ಎರಡೂ ಇಡೀ ಮರದ ದಿಮ್ಮಿ ಕೊರೆದು ಮಾಡಿದವು. ಮಗಳಿಗೆ ಇದನ್ನು ಹೇಳಿದೆ. "ಅವರ ಹತ್ತಿರ ಲೈಫ್ ಜಾಕೆಟ್ ಇತ್ತಾ?" ಅಂತ ಕೇಳಿದಳು.

ಬೆಂಗಳೂರಿನಲ್ಲಿ ಬೆಳೆದವರಿಗೆ ಕೆರೆ ಅಂದರೆ ಸುತ್ತು ಹಾಕುವ ಜಾಗ. ಸ್ಯಾಂಕಿ ಕೆರೆಯಾಗಲಿ, ಹಲಸೂರು ಕೆರೆಯಾಗಲಿ, ಬೇಲಿಯ ಈಚೆ ನಾವು, ಆಚೆ ನೀರು. ಬೆಳ್ಳಂದೂರಿನ ನೊರೆಯನ್ನಂತೂ ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. ನನ್ನಂತೆ ತುಮಕೂರು ಕಡೆಯ ಹಳ್ಳಿಯವರಿಗೆ ಕೆರೆ ಅಂದರೆ ಏರಿ, ತೂಬು, ಕೋಡಿ, ಗದ್ದೆ. ಜೊತೆಗೆ "ಆ ಕಡೆ ಹೋಗ್ಬ್ಯಾಡ" ಅನ್ನುವ ಗದರಿಕೆ. ಮ್ಯಾಡಿಸನ್‌ನಲ್ಲಿ ಕೆರೆಗೆ ಇಳಿಯುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನಿಂದ ಬಂದು ಮುಳುಗಿ ಎದ್ದು ವಾಪಸು ಹೋಗುವವರನ್ನು ನಾನೇ ನೋಡಿದ್ದೇನೆ. ಐದೂವರೆ ವರ್ಷ ನನ್ನ ಪ್ರಯೋಗಾಲಯದಿಂದ ನಾಲ್ಕು ಹೆಜ್ಜೆಗೆ ಮೆಂಡೋಟ ಇತ್ತು. ನಾನು ಮೊಣಕಾಲಿನವರೆಗೂ ಇಳಿದವಳಲ್ಲ. ಈಜು ಬರುವುದಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. ಚಳಿ, ಕೆಲಸ, ಬಟ್ಟೆ ತಂದಿಲ್ಲ, ಹೀಗೆ ಏನೋ ಒಂದು ನೆಪ. ಕಲಿತದ್ದು ಮಗಳು ಹುಟ್ಟಿ ಮೂರು ವರ್ಷವಾದ ಮೇಲೆ, ಊರಿನ ಸಾರ್ವಜನಿಕ ಈಜುಕೊಳದಲ್ಲಿ, ದೊಡ್ಡವರ ಕ್ಲಾಸಿಗೆ ಸೇರಿ. ಮೊದಲ ದಿನ ನೀರಲ್ಲಿ ಮುಖ ಅದ್ದಲು ಇಪ್ಪತ್ತು ನಿಮಿಷ ಹಿಡಿಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕೆರೆ ಪಕ್ಕದ ರಜೆಗೆ ಯೋಜನೆ ಹಾಕುವಾಗ ನಾವು ಮೊದಲು ಹೋಟೆಲ್ ನೋಡುತ್ತೇವೆ, ಆಮೇಲೆ ಇಂಡಿಯನ್ ರೆಸ್ಟೋರೆಂಟ್ ಹುಡುಕುತ್ತೇವೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ. ನಮ್ಮ ಕಾರಿನಲ್ಲಿರುವವರಲ್ಲಿ ಯಾರಿಗೆ ಈಜು ಬರುತ್ತೆ? ನಮ್ಮ ಮನೆಯಲ್ಲಿ ಆಗ ಒಬ್ಬಳಿಗೆ ಮಾತ್ರ, ಅದೂ ಅರೆಬರೆ. ಗಂಡ ಬರುತ್ತೆ ಅನ್ನುತ್ತಾರೆ, ನಾನು ನೋಡಿಲ್ಲ.

ಯಾವಾಗ ಹೋಗಬೇಕು? ಮೇ ತಿಂಗಳ ಪದವಿ ಪ್ರದಾನದ ವಾರಾಂತ್ಯ ಬೇಡ, ಶರತ್ಕಾಲದ ಫುಟ್‌ಬಾಲ್ ಶನಿವಾರಗಳು ಖಂಡಿತ ಬೇಡ. ವಿಶ್ವವಿದ್ಯಾಲಯದ ಊರು, ಹೋಟೆಲ್ ಬೆಲೆ ಗಗನಕ್ಕೇರಿರುತ್ತದೆ. ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ ನನಗಿಷ್ಟ. ಮಕ್ಕಳು ನಡುಗದೆ ಆಡುವಷ್ಟು ನೀರು ಬೆಚ್ಚಗಾಗಿರುತ್ತದೆ, ಪಾಚಿಯ ಕಾಟ ಇನ್ನೂ ಜೋರಾಗಿರುವುದಿಲ್ಲ. ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡೂವರೆ ಗಂಟೆ. ಅಲ್ಲಿಂದ ನೇರ ಬಸ್ಸೂ ಇದೆ. ನಾವು ಹೋದದ್ದು ಮಾತ್ರ ಜುಲೈ ಕೊನೆಯಲ್ಲಿ, ಗಂಡನಿಗೆ ರಜೆ ಸಿಕ್ಕಿದ್ದೇ ಆಗ.

ಆ ಪಾಚಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನದು ಮಣ್ಣಿನ ರಸಾಯನಶಾಸ್ತ್ರ, ಕೆರೆಯದಲ್ಲ. ಆದರೆ ಈ ಕೆರೆಗಳ ಕಾಯಿಲೆ ಶುರುವಾಗುವುದೇ ಮಣ್ಣಿನಲ್ಲಿ. ವಿಸ್ಕಾನ್ಸಿನ್ ಹಾಲಿನ ನಾಡು. ಮೆಂಡೋಟಕ್ಕೆ ನೀರು ಹರಿದು ಬರುವುದು ಜೋಳದ ಹೊಲ, ಹಸುವಿನ ಕೊಟ್ಟಿಗೆಗಳ ನೆಲದಿಂದ. ಸಗಣಿ ಗೊಬ್ಬರದ ರಂಜಕ ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಕೂಡಿಬಿದ್ದು ಪ್ರತಿ ಮಳೆಗೂ ಒಂದಿಷ್ಟು ಕೆರೆಗೆ ಇಳಿಯುತ್ತದೆ. ಪಟ್ಟಣದ ಕೊಳಚೆ ನೀರನ್ನು ಇವರು ಅರ್ಧ ಶತಮಾನದ ಹಿಂದೆಯೇ ಈ ಕೆರೆಗಳಿಂದ ದೂರ ತಿರುಗಿಸಿದರು. ಬೆಂಗಳೂರಿನವರಿಗೆ ಇದನ್ನು ಕೇಳಿದರೆ ಹೊಟ್ಟೆಕಿಚ್ಚಾದೀತು. ಹೊಲದ ರಂಜಕವನ್ನು ಹಾಗೆ ತಿರುಗಿಸಲು ಬರುವುದಿಲ್ಲ. ಬಿಸಿಲು ಹೆಚ್ಚಿ ಗಾಳಿ ನಿಂತ ದಿನಗಳಲ್ಲಿ ಅದೇ ರಂಜಕ ತಿಂದು ನೀಲಿ-ಹಸಿರು ಪಾಚಿ ಮೇಲೇಳುತ್ತದೆ. ಹೆಸರಿಗೆ ಪಾಚಿ, ನಿಜದಲ್ಲಿ ಬ್ಯಾಕ್ಟೀರಿಯಾ. ಕೆಲವು ಜಾತಿಯವು ಪಿತ್ತಜನಕಾಂಗಕ್ಕೆ, ನರಗಳಿಗೆ ತೊಂದರೆ ಕೊಡುವ ವಿಷ ಬಿಡುತ್ತವೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ನೀರು ಕುಡಿಯುತ್ತಲೇ ಆಡುವ ಚಿಕ್ಕ ಮಕ್ಕಳಿಗೂ ನಾಯಿಗಳಿಗೂ ಅಪಾಯ ಹೆಚ್ಚು.

ಗುರುತಿಸುವುದು ಕಷ್ಟವಲ್ಲ. ದಡದ ನೀರಿನ ಮೇಲೆ ಯಾರೋ ಹಸಿರು ಪೇಂಟ್ ಚೆಲ್ಲಿದಂತೆ ಕಾಣುತ್ತದೆ. ಇನ್ನೊಂದು ಸುಲಭದ ಪರೀಕ್ಷೆ: ಮೊಣಕಾಲಿನ ಆಳಕ್ಕೆ ಇಳಿದು ನಿಂತು ಕೆಳಗೆ ನೋಡಿ. ನಿಮ್ಮ ಪಾದ ನಿಮಗೆ ಕಾಣದಿದ್ದರೆ ಮಕ್ಕಳನ್ನು ಇಳಿಸಬೇಡಿ. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಬೀಚುಗಳ ನೀರನ್ನು ಪರೀಕ್ಷಿಸಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಅಂತ ವೆಬ್‌ಸೈಟಿನಲ್ಲಿ ಹಾಕುತ್ತದೆ. ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡಿಕೊಳ್ಳಿ. ಹಿಂದಿನ ದಿನ ಜೋರು ಮಳೆ ಬಂದಿದ್ದರೆ ಬೀಚ್ ತೆರೆದಿದ್ದರೂ ಒಂದೆರಡು ದಿನ ತಡೆಯಿರಿ. ಬೀದಿಯ ಕೊಳೆಯೆಲ್ಲ ಕೆರೆಗೇ ಬಂದಿರುತ್ತದೆ.

ಹಾಗಾಗಿ "ಶನಿವಾರ ಈಜು, ಭಾನುವಾರ ಸೈಕಲ್" ಅಂತ ಕಲ್ಲಲ್ಲಿ ಕೆತ್ತಿದಂತೆ ಯೋಜನೆ ಹಾಕಬೇಡಿ. ನಾನು ಹಾಗೇ ಹಾಕಿದ್ದೆ. ಮೊದಲ ದಿನ ಬೆಳಗ್ಗೆ ಮಗಳು ಈಜುಡುಗೆ ತೊಟ್ಟುಕೊಂಡೇ ಎದ್ದಳು. ನಾವು ಆರಿಸಿದ್ದ ಮೆಂಡೋಟದ ಬೀಚ್ ಮುಚ್ಚಿತ್ತು. ಅವಳ ಅಳು ನಿಲ್ಲಲು ಅರ್ಧ ಗಂಟೆಯಾಯಿತು.

ಅಳು ನಿಲ್ಲಿಸಿದ್ದು ಟೆನ್ನಿ ಪಾರ್ಕಿನ ನೀರುಬಾಗಿಲು. ಮೆಂಡೋಟದ ನೀರು ಮೊನೋನಕ್ಕಿಂತ ಸುಮಾರು ಐದು ಅಡಿ ಎತ್ತರದಲ್ಲಿದೆ. ಎರಡನ್ನೂ ಯಹಾರ ಎಂಬ ನದಿ ಸೇರಿಸುತ್ತದೆ. ಮೆಂಡೋಟ ತನ್ನಷ್ಟಕ್ಕೆ ಹುಟ್ಟಿದ ಕೆರೆ, ಹಿಮನದಿ ಕೊರೆದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಅಣೆಕಟ್ಟು ಹಾಕಿ ಅದರ ಮಟ್ಟ ಏರಿಸಿದರು. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಬೇಕಾದ ದೋಣಿ ಎರಡು ಬಾಗಿಲ ನಡುವಿನ ತೊಟ್ಟಿಯಲ್ಲಿ ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತದೆ, ತೊಟ್ಟಿಯ ನೀರು ನಿಧಾನಕ್ಕೆ ಇಳಿಯುತ್ತದೆ, ಜೊತೆಗೆ ದೋಣಿಯೂ ಇಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಟಕಟೆ ಹಿಡಿದು ನಿಂತು ಮೊಮ್ಮಗಳಿಗೆ ಹೇಳುತ್ತಿದ್ದರು: "ಇದು ತೂಬು ಕಣವ್ವ. ನಮ್ಮೂರ ಕೆರೇಲೂ ಐತೆ. ಎಷ್ಟು ಬಿಡಬೇಕು ಅನ್ನೋದಕ್ಕೆ ನೀರಗಂಟಿ ಅಂತ ಒಬ್ಬ ಇರ್ತಿದ್ದ." ಒಂದು ಗಂಟೆ ಅಲ್ಲೇ ನಿಂತೆವು. ನೋಡುವುದಕ್ಕೆ ದುಡ್ಡಿಲ್ಲ. ಕೆಳಗಿನವರಿಗೆ ಎಷ್ಟು ಬಿಡಬೇಕು, ಮೇಲಿನವರಿಗೆ ಎಷ್ಟು ಉಳಿಸಬೇಕು ಅನ್ನುವ ಜಗಳ ಇಲ್ಲಿಯೂ ಇದೆ. 2018ರ ಆಗಸ್ಟಿನ ಭಾರಿ ಮಳೆಯಲ್ಲಿ ಊರಿನ ಬೀದಿಗಳಿಗೆ ನೀರು ನುಗ್ಗಿದಾಗ ಅದು ಜೋರಾಗಿಯೇ ನಡೆಯಿತು. ಅಮ್ಮನಿಗೆ ಹೇಳಿದೆ. "ಇಲ್ಲೂನಾ!" ಅಂದರು, ಒಂಥರಾ ಖುಷಿಯಿಂದ.

ನೀರಿಗಿಳಿಯದೆ ಮಾಡಬಹುದಾದ್ದು ಬೇಕಾದಷ್ಟಿದೆ. ಪಿಕ್‌ನಿಕ್ ಪಾಯಿಂಟ್ ಮೆಂಡೋಟದೊಳಕ್ಕೆ ಚಾಚಿಕೊಂಡಿರುವ ನೆಲದ ನಾಲಿಗೆ; ತುದಿಯವರೆಗೆ ಸುಮಾರು ಒಂದು ಮೈಲಿ ಕಾಡಿನ ದಾರಿ, ಏರಿಳಿತ ಕಡಿಮೆ, ಅಜ್ಜ-ಅಜ್ಜಿಯರೂ ನಡೆಯಬಹುದು. ದಾರಿಯಲ್ಲಿ ಮೂಲ ಜನರ ಸಮಾಧಿ ದಿಬ್ಬಗಳಿವೆ, ಮಕ್ಕಳು ಅವುಗಳ ಮೇಲೆ ಹತ್ತದಂತೆ ನೋಡಿಕೊಳ್ಳಿ. ವಾಪಸು ಬಂದ ಕೂಡಲೇ ಎಲ್ಲರ ಕಾಲು, ಕಿವಿಯ ಹಿಂದೆ, ತಲೆಗೂದಲು ತಡಕಿ. ಇಲ್ಲಿನ ಉಣುಗು ಲೈಮ್ ರೋಗ ತರುತ್ತದೆ. ಮೊನೋನದ ಸುತ್ತ ಸೈಕಲ್ ದಾರಿ ಸುಮಾರು 13 ಮೈಲಿ, ಆದರೆ ಕೆಲವು ಕಡೆ ಬೀದಿಗೆ ಇಳಿಯಬೇಕು. ಚಿಕ್ಕವರಿದ್ದರೆ ಪೂರ್ತಿ ಸುತ್ತು ಬೇಡ, ಮೊನೋನ ಟೆರೇಸಿನ ಹತ್ತಿರ ಒಂದಷ್ಟು ದೂರ ಸಾಕು. ಆ ಕಟ್ಟಡಕ್ಕೆ ಫ್ರಾಂಕ್ ಲಾಯ್ಡ್ ರೈಟ್ ಮೊದಲ ನಕ್ಷೆ ಕೊಟ್ಟದ್ದು 1938ರಲ್ಲಿ, ಬಾಗಿಲು ತೆರೆದದ್ದು 1997ರಲ್ಲಿ. ನಮ್ಮೂರ ಯಾವ ಕಾಮಗಾರಿಯನ್ನೂ ಇನ್ನು ಆಡಿಕೊಳ್ಳಬಾರದು ಅಂದರು ಗಂಡ. ಶನಿವಾರ ಬೆಳಗ್ಗೆ ಶಾಸನ ಭವನದ ಸುತ್ತ ರೈತರ ಸಂತೆ. ಅಲ್ಲಿ ಮಾರುವ ಚೀಸ್ ಕರ್ಡ್ ಅನ್ನುವುದನ್ನು ಅಮ್ಮ ಮೊಸರು ಅಂದುಕೊಂಡು ಅನ್ನಕ್ಕೆ ಅಂತ ತೆಗೆದುಕೊಂಡರು. ಅದು ತಾಜಾ ಚೀಸಿನ ತುಂಡು, ಹಲ್ಲಿಗೆ ಸಿಕ್ಕರೆ ಕೀಚಲು ಸದ್ದು ಮಾಡುತ್ತದೆ. ಶುದ್ಧ ಸಸ್ಯಾಹಾರಿಗಳಾದರೆ ಯಾವ ಹೆಪ್ಪು ಹಾಕಿದ್ದಾರೆ ಅಂತ ಕೇಳಿ ಕೊಳ್ಳಿ. ಸಂಜೆ ವಿಶ್ವವಿದ್ಯಾಲಯದ ಯೂನಿಯನ್ ಟೆರೇಸಿನಲ್ಲಿ ಸೂರ್ಯನ ಕಿರಣದ ಚಿತ್ತಾರವಿರುವ ಬಣ್ಣದ ಕುರ್ಚಿ ಹಿಡಿದು ಕೂತು ಐಸ್‌ಕ್ರೀಮ್ ತಿನ್ನಿ, ಕೆರೆಯ ಮೇಲೆ ಸೂರ್ಯ ಮುಳುಗುವವರೆಗೂ ಏಳಬೇಡಿ.

ಈಗ ಎರಡನೇ ದಿನ. ಗಾಳಿ ಇತ್ತು, ಪಾಚಿ ಚದುರಿತ್ತು, ಒಂದು ಸಣ್ಣ ಬೀಚ್ ತೆರೆದಿತ್ತು. ಕಾವಲಿನ ಲೈಫ್‌ಗಾರ್ಡ್ ಇರಲಿಲ್ಲ. ಬೇಸಿಗೆಯಲ್ಲೂ ಎಲ್ಲ ಬೀಚಿನಲ್ಲಿ, ಎಲ್ಲ ಹೊತ್ತಿನಲ್ಲಿ ಅವರು ಇರುವುದಿಲ್ಲ. ಗಂಡ ಬಾಡಿಗೆ ಸೈಕಲ್ ವಾಪಸು ಕೊಡಲು ಹೋಗಿದ್ದರು. ಮಗಳು ತೊಡೆಯ ಆಳದ ನೀರಿನಲ್ಲಿ, ಸೊಂಟಕ್ಕೆ ಗಾಳಿ ತುಂಬಿದ ಪ್ಲಾಸ್ಟಿಕ್ ಉಂಗುರ. ಅಮ್ಮ ದಡದ ಮರದ ಕೆಳಗೆ ಕೂತು ಅವಳನ್ನೇ ನೋಡುತ್ತಿದ್ದರು. ಎರಡು ದಿನದಿಂದ ಹೀಗೇ. ಬೆಳಗ್ಗೆ ನಾನು ರೇಗಿದ್ದೆ ಕೂಡ: "ಅಮ್ಮಾ, ಸ್ವಲ್ಪ ಆ ಕಡೆ ಈ ಕಡೆನೂ ನೋಡು, ಇಷ್ಟು ದೂರ ಬಂದಿದೀಯ." ನಾನು ಫೋನ್ ತೆಗೆದೆ. ಲ್ಯಾಬಿನಿಂದ ಒಂದು ಇಮೇಲ್. ಒಂದೇ ಒಂದು.

ಅಮ್ಮನ ಕೂಗು ಕೇಳಿ ತಲೆ ಎತ್ತಿದೆ. ಉಂಗುರ ದಡದಿಂದ ದೂರ ಹೋಗಿತ್ತು. ದಡದ ಕಡೆಯಿಂದ ಬೀಸುವ ಗಾಳಿಗೆ ಅಂಥ ಉಂಗುರ ಹಾಯಿಯಂತೆ; ನಿಮಿಷದೊಳಗೆ ಎಲ್ಲಿಗೋ ಒಯ್ದಿರುತ್ತದೆ. ಮಗಳು ಅದರೊಳಗಿಂದ ಅರ್ಧ ಜಾರಿದ್ದಳು. ಗಲ್ಲ ನೀರಿನ ಮಟ್ಟದಲ್ಲಿತ್ತು. ಕೂಗಲಿಲ್ಲ, ಕೈ ಬೀಸಲಿಲ್ಲ, ನೀರು ಚಿಮ್ಮಿಸಲಿಲ್ಲ. ದೂರದಿಂದ ನೋಡಿದವರಿಗೆ ಆಟ ಆಡುತ್ತಿದ್ದಾಳೆ ಅನ್ನಿಸಬೇಕು. ನಾನು ಓಡಿದೆ, ಕೊನೆಯ ಏಳೆಂಟು ಅಡಿ ಈಜಿದೆ. ಕುತ್ತಿಗೆ ಆಳದಲ್ಲಿ ಕೈಗೆ ಸಿಕ್ಕಳು. ಒಂದಷ್ಟು ಕೆಮ್ಮಿದಳು, ಆಮೇಲೆ ಅತ್ತಳು. ಸಂಜೆಯವರೆಗೂ ಅವಳ ಉಸಿರಾಟ ಗಮನಿಸುತ್ತಾ ಕೂತೆವು; ಏನೂ ಆಗಿರಲಿಲ್ಲ.

ಅಮ್ಮ ನನಗೆ ಒಂದು ಮಾತೂ ಬಯ್ಯಲಿಲ್ಲ. ಟವೆಲ್ಲಿನಲ್ಲಿ ಅವಳನ್ನು ಸುತ್ತಿ, ಚಕ್ಕುಲಿ ಡಬ್ಬಿ ತೆಗೆದು ಕೊಟ್ಟರು. ರಾತ್ರಿ ಮಗಳು ಮಲಗಿದ ಮೇಲೆ ಹೋಟೆಲ್ ಕೋಣೆಯಲ್ಲಿ ಮಾತಾಡಿದರು. ನನ್ನ ಸೋದರಮಾವ ಒಬ್ಬ ಚಿಕ್ಕ ವಯಸ್ಸಿನಲ್ಲಿ ಕೆರೆಗೆ ಬಿದ್ದು ಹೋದ ಅನ್ನುವಷ್ಟು ಮಾತ್ರ ನನಗೆ ಗೊತ್ತಿತ್ತು. ಅವನಿಗೆ ಒಂಬತ್ತು, ಅಮ್ಮನಿಗೆ ಹನ್ನೆರಡು. "ಏರಿ ಮೇಲೆ ನಾಕು ಜನ ಬಟ್ಟೆ ಒಗೀತಿದ್ರು ಕಣೆ. ನಾನೂ ಅಲ್ಲೇ ಇದ್ದೆ. ಯಾರಿಗೂ ಒಂದು ಸದ್ದು ಕೇಳಲಿಲ್ಲ." ಇಷ್ಟು ವರ್ಷ ಅಮ್ಮನದು ಹಳ್ಳಿಯವರ ಭಯ ಅಂದುಕೊಂಡಿದ್ದೆ. ನೀರಿನ ಸುರಕ್ಷತೆಯ ತಜ್ಞರು ಹೇಳುವುದೂ ಇದನ್ನೇ: ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಉಸಿರಿಗೇ ತಡಕಾಡುವಾಗ ಕೂಗಲು ಉಸಿರೇ ಇರುವುದಿಲ್ಲ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಇದನ್ನು ನಾನು ಓದಿದ್ದೆ. ಓದಿಯೂ ಫೋನ್ ತೆಗೆದಿದ್ದೆ.

ಅವತ್ತು ರಾತ್ರಿ ನಮ್ಮ ಯೋಜನೆ ಹೊಸದಾಗಿ ಬರೆದೆವು. ನೀರಿನ ಹತ್ತಿರ ಇರುವಷ್ಟು ಹೊತ್ತೂ ಕಾವಲಿಗೆ ಒಬ್ಬರು, ಅವರ ಹೆಸರು ಹೇಳಿಯೇ ಗೊತ್ತುಮಾಡಬೇಕು. "ಎಲ್ಲರೂ ಇದ್ದೀವಲ್ಲ" ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ನಮ್ಮ ಕನ್ನಡ ಬಳಗದ ಪಿಕ್‌ನಿಕ್‌ಗಳಲ್ಲಿ ನಲವತ್ತು ಜನ ದೊಡ್ಡವರು ಬಿಸಿಬೇಳೆಬಾತ್ ಪಾತ್ರೆಯ ಸುತ್ತ ನಿಂತಿರುತ್ತೇವೆ, ನೆನಪು ಮಾಡಿಕೊಳ್ಳಿ. ಕಾವಲಿನವರ ಕೈಯಲ್ಲಿ ಫೋನ್ ಇಲ್ಲ, ಪುಸ್ತಕ ಇಲ್ಲ, ಹದಿನೈದು-ಇಪ್ಪತ್ತು ನಿಮಿಷಕ್ಕೆ ಪಾಳಿ ಬದಲು. ಕಾವಲಿನವರಿಗೆ ಈಜು ಬಾರದಿದ್ದರೆ ಬರುವವರು ಕೈಗೆಟುಕುವಷ್ಟು ಹತ್ತಿರ ನೀರಿನಲ್ಲೇ ಇರಬೇಕು. ಪ್ಲಾಸ್ಟಿಕ್ ಉಂಗುರ ಅಲ್ಲೇ ಕಸದ ಡಬ್ಬಿಗೆ ಹೋಯಿತು. ಅದರ ಬದಲು ಕೋಸ್ಟ್ ಗಾರ್ಡ್ ಒಪ್ಪಿಗೆಯ ಮುದ್ರೆಯಿರುವ ಲೈಫ್ ಜಾಕೆಟ್, ಮಗುವಿನ ತೂಕಕ್ಕೆ ಹೊಂದುವಂಥದ್ದು. ತೊಡಿಸಿ ಎಲ್ಲ ಪಟ್ಟಿ ಬಿಗಿದ ಮೇಲೆ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು. ಬೆಳೆಯುವ ಮಕ್ಕಳು ಅಂತ ಯೂನಿಫಾರಂ ಕೊಳ್ಳುವಂತೆ ಒಂದು ಸೈಜ್ ದೊಡ್ಡದು ಕೊಳ್ಳುವ ವಸ್ತುವಲ್ಲ ಇದು.

ಮೂರನೇ ದಿನ ವಿಂಗ್ರಕ್ಕೆ ಹೋದೆವು. ಮೊದಲೇ ಇಲ್ಲಿಂದ ಶುರು ಮಾಡಬೇಕಿತ್ತು. ಪಕ್ಕದಲ್ಲೇ ವಿಲಾಸ್ ಪ್ರಾಣಿ ಸಂಗ್ರಹಾಲಯ, ಒಳಗೆ ಹೋಗಲು ಟಿಕೆಟ್ ಇಲ್ಲ. ಕೆರೆ ಪುಟ್ಟದು, ನಿಂತಲ್ಲಿಂದ ಆಚೆ ದಡ ಕಾಣುತ್ತದೆ, ಒಂದು ಬದಿಗೆ ವಿಶ್ವವಿದ್ಯಾಲಯದ ಕಾಡು. ಬಾಡಿಗೆಗೆ ಕನೂ, ಕಾಯಕ್ ಸಿಗುತ್ತವೆ, ಲೈಫ್ ಜಾಕೆಟ್ ಅವರೇ ಕೊಡುತ್ತಾರೆ. ಬೆಳಗ್ಗೆ ಹತ್ತರೊಳಗೆ ಹೋಗಿ, ಗಾಳಿ ಏಳುವ ಮೊದಲು. ಮಗಳು ನೀರಿನ ಹತ್ತಿರ ಬರಲು ಒಪ್ಪುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನವಿತ್ತು. ಅವಳ ಜಾಕೆಟ್ಟಿನ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದವರು ಅಮ್ಮ. ಎರಡು ಸಲ ನೋಡಿದರು. ಆಮೇಲೆ "ಹೂಂ, ಹೋಗಿ ಬಾ, ಅಜ್ಜಿ ಇಲ್ಲೇ ನೋಡ್ತಿರ್ತೀನಿ" ಅಂದರು. ಅಪ್ಪ ಹಿಂದೆ, ನಾನು ಮುಂದೆ, ಅವಳು ನಡುವೆ. ತಾವರೆ ಎಲೆಗಳ ನಡುವೆ ಒಂದು ಆಮೆ ಕಂಡಿತು. ಅರ್ಧ ಗಂಟೆ ಹುಟ್ಟು ಹಾಕಿ ವಾಪಸು ಬರುವಾಗ ದಡ ನೋಡಿದೆ. ಅಮ್ಮ ಬೆಂಚಿನಿಂದ ಎದ್ದು ನೀರಿನ ಅಂಚಿಗೆ ಬಂದು ಚಪ್ಪಲಿ ಬಿಟ್ಟು ನಿಂತಿದ್ದರು. ಪಾದ ಒದ್ದೆಯಾಗಿತ್ತು.

ಅಮ್ಮ ಊರಿಗೆ ಹೋಗಿ ಈಗ ಎಂಟು ತಿಂಗಳು. ಮಗಳು ಪ್ರತಿ ಶನಿವಾರ ಈಜು ಕ್ಲಾಸಿಗೆ ಹೋಗುತ್ತಾಳೆ. ಗಂಡನೂ ದೊಡ್ಡವರ ಕ್ಲಾಸಿಗೆ ಸೇರಿದ್ದಾರೆ. ಅವರಿಗೆ ಈಜು ಬರುತ್ತಿರಲಿಲ್ಲ. ಈ ಸಲ ಜೂನ್ ಮೂರನೇ ವಾರಕ್ಕೆ ಕೋಣೆ ಕಾದಿರಿಸಿದ್ದೇವೆ, ವಿಂಗ್ರಕ್ಕೆ ಹತ್ತಿರ. ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಹೇಳಿದೆ. ಹೋಟೆಲ್ ಹೇಗಿದೆ, ಊಟಕ್ಕೇನು ಅಂತ ಕೇಳಲಿಲ್ಲ.

"ಮೊದಲನೇ ಪಾಳಿ ಯಾರದು?" ಅಂದರು.